ಉಪವಾಸವಿದ್ದು ಊದಿಕೊಂಡ ಇನ್ನಾಸಪ್ಪ

ಕೋಡಿಹಳ್ಳಿಯಿಂದ ಆಚೆ, ಗುಡ್ಡದ ಬುಡದಲ್ಲಿ ನಮ್ಮೂರು. ಉಪವಾಸ ಮಾಡಿ ದಪ್ಪಗಾದ ಮನುಷ್ಯ ಈ ಸೀಮೆಗೆಲ್ಲ ಒಬ್ಬನೇ, ನಮ್ಮ ಇನ್ನಾಸಪ್ಪ. ರೇಷ್ಮೆಗೂಡು ತೂಗುವ ತಕ್ಕಡಿಯಲ್ಲಿ ಅವನನ್ನು ಕೂರಿಸಿ ತೂಗಿದವನು ನಾನೇ. ನಂಬದಿದ್ದರೆ ತಕ್ಕಡಿ ಇನ್ನೂ ಇದೆ, ಬಂದು ನೋಡಿ.

ನಮ್ಮದು ಎಂಬತ್ತು ಮನೆಯ ಕ್ರೈಸ್ತರ ಊರು. ಶುಭ ಶುಕ್ರವಾರದ ದಿನ ಯೇಸುಸ್ವಾಮಿಯ ವೇಷ ಹಾಕಿದವನು ಮರದ ಶಿಲುಬೆ ಹೊತ್ತು, ಪ್ರಾರ್ಥನೆಗೆಂದು ದಾರಿಯ ಹದಿನಾಲ್ಕು ಸ್ಥಳಗಳಲ್ಲಿ ನಿಲ್ಲುತ್ತ ಗುಡ್ಡ ಹತ್ತಬೇಕು. ಅವನಿಗೆಂದು ತಾತಂದಿರ ಕಾಲದ ಒಂದು ನೇರಳೆ ಅಂಗಿ ಇದೆ. ಹೊಲಿಗೆಯೇ ಇಲ್ಲದೆ ಒಂದೇ ನೇಯ್ಗೆಯಲ್ಲಿ ಮಾಡಿದ್ದು. ಸ್ವಾಮಿಯ ಅಂಗಿಯೂ ಹಾಗೇ ಇತ್ತಂತೆ. ಆದ್ದರಿಂದ ಅದಕ್ಕೆ ಸೂಜಿ ತಾಗಿಸುವಂತಿಲ್ಲ, ಕತ್ತರಿ ತೋರಿಸುವಂತಿಲ್ಲ. ಅಂಗಿ ಯಾರ ಮೈಗೆ ಇಳಿಯುತ್ತದೋ ಅವನು ಹೊರಬೇಕು. ಒಂಬತ್ತು ವರ್ಷ ಅದು ಇನ್ನಾಸಪ್ಪನ ಮೈಗೇ ಇಳಿದಿತ್ತು. ಹತ್ತನೆಯ ವರ್ಷವೂ ತಾನೇ ಹೊರಬೇಕು ಅನ್ನುವುದೊಂದೇ ಅವನ ಆಸೆ. ಉಳಿದ ಆಸೆಗಳನ್ನೆಲ್ಲ ಬಿಟ್ಟಿದ್ದ. ಬಿಟ್ಟಿದ್ದನ್ನು ಊರಿಗೆಲ್ಲ ಹೇಳಿಯೂ ಇದ್ದ.

ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸು ಕಾಲ ಬಂತೆಂದರೆ ನಲವತ್ತು ದಿನ ಬಾಡು, ಬೀಡಿ, ದಿಂಬು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಮೈ ಕೆರೆದುಕೊಳ್ಳುವುದನ್ನೂ ಬಿಟ್ಟ. ಸುದ್ದಿ ತಿಳಿದ ಸೊಳ್ಳೆಗಳು ಉಯ್ಯಂಬಳ್ಳಿಯಿಂದ ತಮ್ಮ ನೆಂಟರನ್ನೆಲ್ಲ ಕರೆದುಕೊಂಡು ಬಂದವು.

ಎರಡು ಸಾವಿರದ ನಾಲ್ಕನೇ ಇಸವಿಯ ಹೊತ್ತಿಗೆ ಹಾರೋಹಳ್ಳಿ ಕಡೆ ಸಾಲುಸಾಲಾಗಿ ಫ್ಯಾಕ್ಟರಿ ಎದ್ದಿದ್ದವು. ಆ ಹತ್ತನೆಯ ವರ್ಷವೇ ಇನ್ನಾಸಪ್ಪ ತಗಡಿನ ಡಬ್ಬಿ ಮಾಡುವ ಒಂದು ಫ್ಯಾಕ್ಟರಿಗೆ ಸೇರಿದ. ಅಲ್ಲಿನ ಕ್ಯಾಂಟೀನಿನಲ್ಲಿ ಮುನ್ನೂರು ಜನ ಒಟ್ಟಿಗೆ ಕೂತು ಉಣ್ಣುತ್ತಾರೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಕಳೆದ ಮರುದಿನ ಇವನು ಖಾಲಿ ತಟ್ಟೆ ಇಟ್ಟುಕೊಂಡು ನಟ್ಟನಡುವೆ ಕೂತ.

“ಯಾಕ್ ಇನ್ನಾಸಪ್ಪ, ಉಣ್ಣಕಿಲ್ವಾ?” ಎಂದು ಸೂಪರ್‌ವೈಸರ್ ಮನೋಹರ್ ಕೇಳಿದ.

“ಇಲ್ಲ ಸಾ. ನಮ್ ಸ್ವಾಮಿ ನಮಗೋಸ್ಕರ ಪ್ರಾಣನೇ ಕೊಟ್ಬುಟ್ರು. ನಾನೊಂದ್ ತುತ್ ಬುಡಕಾಗಕಿಲ್ವಾ?”

“ಅಬ್ಬಬ್ಬಾ! ನೋಡ್ರಲಾ ಇಲ್ಲಿ, ತ್ಯಾಗ ಅಂದ್ರೆ ಇದು ಕಣ್ರಲಾ!”

ಮುನ್ನೂರು ತಲೆ ತಿರುಗಿದವು. ಇನ್ನಾಸಪ್ಪನ ಅಂಗಿಯ ಗುಂಡಿ ಟಪ್ಪನೆ ಹಾರಿ ಸಾಂಬಾರಿನ ಬಕೆಟ್ಟಿಗೆ ಬಿತ್ತು.

ಶುಭ ಶುಕ್ರವಾರಕ್ಕೆ ಹದಿನೈದು ದಿನ ಇರುವಾಗ ಚರ್ಚಿನಲ್ಲಿ ಅಂಗಿ ತೊಡಿಸಿ ನೋಡುವುದು ವಾಡಿಕೆ. ನಾಲ್ಕು ಜನ ಹಿಡಿದು ಎಳೆದರೂ ಅಂಗಿ ಅವನ ಎದೆಯಿಂದ ಕೆಳಕ್ಕೆ ಬರಲಿಲ್ಲ. ತಕ್ಕಡಿಗೆ ಹಾಕಿದೆ. ಐವತ್ತೆಂಟು ಕೆಜಿ ಇದ್ದವನು ಎಪ್ಪತ್ತೊಂದಾಗಿದ್ದ.

ಊರ ಹಿರಿಯ ರಾಯಪ್ಪ ತಲೆ ಆಡಿಸಿದ. “ಹೊಟ್ಟೆ ಬುಟ್ಕಂಡು ಸಿಲುಬೆ ಹೊತ್ರೆ ಜನ ಅಳ್ತಾರೇನ್ಲಾ, ನಗ್ತಾರೆ. ಸುಭ ಸುಕ್ರವಾರದೊಳ್ಗೆ ಇಳ್ಸು. ಇಲ್ದಿದ್ರೆ ಚೌರಪ್ಪ ಹೊರ್ತಾನೆ.”

ಡೈರಿಯಲ್ಲಿ ಹಾಲು ಅಳೆಯುವ ಚೌರಪ್ಪ ಬಡಕಲು ಆಳು. ಪಕ್ಕದಲ್ಲೇ ನಿಂತು ಕಿಸಕ್ಕನೆ ನಕ್ಕ.

ಇನ್ನಾಸಪ್ಪ ರಾತ್ರಿ ಮನೆಯಲ್ಲಿ ಕುಡಿಯುತ್ತಿದ್ದ ಗಂಜಿಯನ್ನೂ ಬಿಟ್ಟ. ಕ್ಯಾಂಟೀನಿನವರು ಎದ್ದು ನಿಂತು ಕೈಮುಗಿದರು. ಎರಡೇ ದಿನಕ್ಕೆ ಇನ್ನೂ ಮೂರು ಕೆಜಿ ಏರಿತು. ರಾತ್ರಿಯೆಲ್ಲ ಅತ್ತ. ಅವನ ಹೆಂಡತಿ ಲೂರ್ದಮ್ಮ ನೋಡಲಾರದೆ ಹೊಸ ಫಾದರ್ ಹತ್ತಿರ ಎಳೆದುಕೊಂಡು ಹೋದಳು. ಆ ಫಾದರ್ ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದವರು.

“ಕದ್ದು ಏನಾದ್ರೂ ತಿಂತಾನೇನಮ್ಮ?”

“ಇಲ್ಲ ಫಾದರ್. ರಾಗಿ ಡಬ್ಬಕ್ಕೆ ನಾನೇ ಬೀಗ ಜಡ್ದಿವ್ನಿ.”

ಫಾದರ್ ಅವನ ಸುತ್ತ ಒಂದು ಸಲ ನಡೆದು, ಕಿವಿಯ ಬಳಿ ಮೆಲ್ಲಗೆ, “ನಿನ್ನಂಥ ತ್ಯಾಗಿಯನ್ನ ನಾನು ಎಲ್ಲೂ ಕಂಡಿಲ್ಲ” ಅಂದರು. ಇನ್ನಾಸಪ್ಪನ ಬೆಲ್ಟಿನ ಬಕಲ್ ಕಿತ್ತು ಗೋಡೆಗೆ ಹೊಡೆಯಿತು.

“ತಿಳೀತು ಬಿಡಿ. ಇನ್ನಾಸಪ್ಪ, ನಿನ್ನೊಳಗೆ ‘ನಾನು’ ಅನ್ನೋನು ಒಬ್ಬ ಕೂತಿದ್ದಾನೆ. ನಮ್ಮ ಶಾಸ್ತ್ರದಲ್ಲಿ ಅವನಿಗೆ ಈಗೋ ಅಂತಾರೆ. ನೀನು ಬಾಯಿ ಮುಚ್ಚಿಕೊಂಡೆ, ಅವನು ಕಿವಿಯಲ್ಲಿ ಉಣ್ತಾ ಇದ್ದಾನೆ.”

“ಹಂಗಾರೆ ಕಿವಿಗೆ ಹತ್ತಿ ಇಟ್ಕಳ್ಳನಾ?”

“ಕಣ್ಣಲ್ಲೂ ಉಣ್ತಾನೆ ಅವನು. ಜನ ಹೊಗಳದ ಹಾಗೆ ಬದುಕು. ಅವನು ಉಪವಾಸ ಬೀಳಲಿ.”

ಇನ್ನಾಸಪ್ಪ ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ. ಬಂದ ಶುಕ್ರವಾರವೇ ಕೋಡಿಹಳ್ಳಿಯಲ್ಲಿ ಗೌಸ್ ಹೋಟೆಲಿನ ಬಾಗಿಲಲ್ಲಿ, ಬಸ್ಸಿನಿಂದ ಇಳಿದವರಿಗೆಲ್ಲ ಕಾಣುವಂತೆ ಕೂತು ಮಾಂಸದ ಕೈಮ ಉಂಡೆ ತಿಂದ.

“ಥೂ! ತಪಸ್ಸು ಕಾಲ್ದಲ್ಲಿ ಸುಕ್ರವಾರ ಬಾಡು! ನಾಚ್ಕೆಗೆಟ್ಟೋನೆ!” ಎಂದು ನಮ್ಮೂರಿನವರೊಬ್ಬರು ಕೂಗಿದರು. ಅಲ್ಲೇ ಅವನ ಪ್ಯಾಂಟು ಸಡಿಲವಾಯಿತು.

ದಿನಾ ಸಂಜೆ ಬಂದು ತೂಕ ಹಾಕಿಸಿಕೊಳ್ಳುತ್ತಿದ್ದ. ಒಂದು ‘ಥೂ’ಗೆ ನೂರು ಗ್ರಾಂ ಇಳಿಯುತ್ತಿತ್ತು. ಅಪ್ಪನ ಹೆಸರು ಎತ್ತಿ ಬೈದರೆ ಕಾಲು ಕೆಜಿ. ಕ್ಯಾಂಟೀನಿನಲ್ಲಿ ಮೂರನೇ ಸಲ ಅನ್ನ ಹಾಕಿಸಿಕೊಂಡ ದಿನ ಮನೋಹರ್ “ನಾಟ್ಕದೋನು ಕಣ್ಲಾ ನೀನು” ಅಂದಾಗ ಒಂದೇ ಏಟಿಗೆ ಎರಡು ಕೆಜಿ ಹೋಯಿತು.

ಶುಭ ಶುಕ್ರವಾರ ನೇರಳೆ ಅಂಗಿ ಅವನ ಮೈಮೇಲೆ ನೀರಿನಂತೆ ಇಳಿಯಿತು. ಶಿಲುಬೆಗೆ ಕೈ ಹಾಕಿದ.

“ಲೇ, ಮುಟ್ಬೇಡ!” ರಾಯಪ್ಪ ಅಡ್ಡ ಬಂದ. “ಬಾಡು ತಿಂದೋನ್ ಹೆಗ್ಲಿಗೆ ಸಿಲುಬೆನಾ? ಬಿಚ್ಚಲಾ ಅಂಗಿಯ!”

ಫಾದರ್ ತಡೆಯಲಾರದೆ ಮುಂದೆ ಬಂದರು. “ಒಂದು ನಿಮಿಷ. ಇವನು ಯಾಕೆ ಹೀಗೆ ಮಾಡಿದ ಅಂತ ನಾನು ಎಲ್ಲರಿಗೂ ಹೇಳ್ತೀನಿ.”

ಇನ್ನಾಸಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಫಾದರ್ ಬಾಯಿ ಬಿಟ್ಟರೆ ಶಿಲುಬೆ ಇವನದೇ. ಆದರೆ ಮಾನವನ್ನೂ ಬಿಟ್ಟ ಮಹಾತ್ಮ ಎಂದು ಎಂಬತ್ತು ಮನೆಯವರೂ ಕಣ್ಣೀರು ಹಾಕುತ್ತಾರೆ. ಮೊದಲನೇ ಸ್ಥಳ ತಲುಪುವುದರೊಳಗೆ ತಾತಂದಿರ ಅಂಗಿ ಚಿಂದಿಯಾಗುತ್ತದೆ. ಆ ಹೊಗಳಿಕೆ ನೆನೆದೇ ಅವನ ಕಿವಿಯಲ್ಲಿ ನೀರೂರುತ್ತಿತ್ತು. ಅದೇ ಅವನಿಗೆ ಭಯ ಹುಟ್ಟಿಸಿದ್ದು.

“ನಿಮ್ ಕಾಲಿಗ್ ಬೀಳ್ತೀನಿ ಫಾದರ್, ಬಾಯ್ ಬುಡ್ಬೇಡಿ,” ಎಂದು ಅವರ ಕೈ ಹಿಡಿದುಕೊಂಡ. ಆಮೇಲೆ ರಾಯಪ್ಪನಿಗೆ, “ತಿಂದಿದ್ ನಿಜ ಕಣಣ್ಣ” ಅಂದ.

ತಾನೇ ಅಂಗಿ ಬಿಚ್ಚಿ ಚೌರಪ್ಪನಿಗೆ ತೊಡಿಸಿದ. ಅಂಗಿಯ ಅಂಚನ್ನು ಕೈ ಬಿಡಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

“ಬಾಡಿನ ವಾಸ್ನೆ ಹೊಡಿತೈತೆ,” ಎಂದು ಚೌರಪ್ಪ ಮೂಗು ಮುಚ್ಚಿಕೊಂಡ.

“ಹೂಂ ಕಣ್ಲಾ. ಗೌಸ್ ಮಸಾಲೆ ಒಸಿ ಜಾಸ್ತಿ ಹಾಕ್ತಾನೆ.”

ಮೆರವಣಿಗೆ ಹೊರಟಿತು. ಇನ್ನಾಸಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲರ ಹಿಂದೆ ನಡೆದ. ನಡೆದದ್ದೆಲ್ಲ ಗೊತ್ತಿದ್ದ ಲೂರ್ದಮ್ಮ ಬಂದು ಪಕ್ಕದಲ್ಲಿ ಸೇರಿಕೊಂಡಳು. ಅವಳ ಕಣ್ಣು ತುಂಬಿತ್ತು.

“ಏನೇ ಆಗ್ಲಿ ಕಣಯ್ಯ, ಇವತ್ ದೊಡ್ ಕೆಲ್ಸ ಮಾಡ್ಬುಟ್ಟೆ. ನಿನ್ನಂತೋನ್ನ ಕಟ್ಕಂಡಿದ್ದು ನನ್ನ...”

ಪಂಚೆಯ ಗಂಟು ಬಿಗಿಯಾಗತೊಡಗಿತು.

“ಅಯ್ಯೋ, ನಿಲ್ಸೇ ಲೂರ್ದಿ! ಬೈಯೇ! ಬಿರ‍್ನೆ ಬೈಯೇ!”

ಅವಳಿಗೆ ತಟ್ಟನೆ ಅರ್ಥವಾಯಿತು. “ದಂಡಪಿಂಡ! ಮನೇಲಿ ಸೂರು ಸೋರ್ತೈತೆ, ಇವ್ನು ಸಿಲುಬೆ ಹೊರಕೋಯ್ತಾನಂತೆ! ಹಸೂಗೆ ಹುಲ್ ಹಾಕು ಅಂದ್ರೆ ಸೊಂಟ ನೋವು! ಕತ್ತೆ! ಕೋಡಂಗಿ!”

ಸೆರಗಿನಿಂದ ಅವನ ಬೆವರು ಒರೆಸುತ್ತಲೇ, ಹೇಳಿದ ಬೈಗುಳ ಮತ್ತೆ ಹೇಳದೆ, ಹದಿನಾಲ್ಕು ಸ್ಥಳವೂ ಬೈದಳು. ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಇನ್ನಾಸಪ್ಪನ ಪಾದ ನೆಲದಿಂದ ಒಂದು ಗೇಣು ಮೇಲಿತ್ತು. ಗಾಳಿಗೆ ಹಾರಿಹೋಗದಂತೆ ಲೂರ್ದಮ್ಮ ಅವನ ಪಂಚೆಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಇನ್ನೂ ಬೈಯುತ್ತಿದ್ದಳು.