ಕುಂಟನ ಮಂಡಿನೋವು

ಗಾಳಿ ಬಂದಾಗ ತೂರಿಕೋ ಅಂತ ಗಾದೆಯೇನೋ ಇದೆ. ತೂರಿಕೊಂಡವರು ಮಾತ್ರ ಬೇರೆಲ್ಲೋ ಕೂತಿರುತ್ತಾರೆ. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಫ್ಯಾನುಗಳನ್ನು ಹತ್ತಿಳಿದು ರಿಪೇರಿ ಮಾಡುವ ಕುಂಟನಿಗೆ ಆ ಗಾಳಿಯಿಂದ ದಕ್ಕಿದ್ದು ಹೊಟ್ಟೆಪಾಡು, ಜೊತೆಗೊಂದು ಅಡ್ಡಹೆಸರು.

ಅಸಲಿಗೆ ಅವನ ಕಾಲಿಗೆ ಏನೂ ಆಗಿರಲಿಲ್ಲ. ಫ್ಯಾನಿನ ಕಂಬದೊಳಗೆ ಒಬ್ಬನೇ ಹತ್ತುವಂತಿಲ್ಲ, ಜೋಡಿ ಇರಲೇಬೇಕು. ಇವನ ಜೋಡಿ ಅಕ್ಕನ ಗಂಡ, ಈ ಕೆಲಸ ಕಲಿಸಿದ ಭಾವ. ಈಚೆಗೆ ಭಾವನಿಗೆ ಏಣಿ ಅರ್ಧ ಹತ್ತುವಷ್ಟರಲ್ಲಿ ಏದುಸಿರು. ದಣಿದೆ ಅಂತ ಬಾಯಿಬಿಡುವ ಆಸಾಮಿಯಂತೂ ಅಲ್ಲ. ಹಾಗಾಗಿ ಕಂಬದೊಳಗೆ ಕಬ್ಬಿಣದ ಅಟ್ಟ ಸಿಕ್ಕಿದಲ್ಲೆಲ್ಲ ಇವನೇ ಕುಕ್ಕರಿಸುತ್ತಿದ್ದ. "ಭಾವ, ಮಂಡಿ ಹಿಡ್ಕೊಂಡಿದೆ, ಸ್ವಲ್ಪ ನಿಲ್ಲಿ." ಭಾವ ಗೊಣಗುತ್ತ ನಿಲ್ಲುತ್ತಿದ್ದರು, ಉಸಿರು ಹದಕ್ಕೆ ಬರುತ್ತಿತ್ತು. ತಡ ಯಾಕೆ ಅಂತ ಕೆಳಗಿನಿಂದ ಸೂಪರ್‌ವೈಸರ್ ಕೇಳಿದರೂ ಅದೇ ಮಂಡಿ. ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದುದರಿಂದ ಎಲ್ಲರೂ ನಂಬಿದರು, ಹೆಸರೂ ಅಂಟಿಕೊಂಡಿತು.

ಇನ್ನೊಂದಿಷ್ಟು ದಿನ ತಳ್ಳಿದರೆ ಸಾಕಿತ್ತು. ಹಳೆಯ ಗಿಡ್ಡ ಫ್ಯಾನುಗಳನ್ನು ಕೆಡವಿ ಮುಗಿಲೆತ್ತರದ ಹೊಸವನ್ನು ನಿಲ್ಲಿಸುತ್ತಾರಂತೆ, ಅದರೊಳಗೆ ಲಿಫ್ಟ್ ಇರುತ್ತದಂತೆ. ಲಿಫ್ಟ್ ಬಂದರೆ ಭಾವನ ಕೆಲಸ ಉಳಿಯಿತು, ಅಕ್ಕನ ಮನೆಯೂ ಉಳಿಯಿತು ಎಂದುಕೊಂಡಿದ್ದ ಕುಂಟ.

ಕಂಪನಿಯ ಎಣಿಕೆಯೇ ಬೇರೆ ಇತ್ತು. ಎಲ್ಲಿ ನೋಡಿದರೂ ಫ್ಯಾನು ಎದ್ದು, ನಾನು ಅಗ್ಗಕ್ಕೆ ಕೊಡ್ತೀನಿ ನಾನು ಇನ್ನೂ ಅಗ್ಗಕ್ಕೆ ಕೊಡ್ತೀನಿ ಅಂತ ಕರೆಂಟು ಮಾರುವವರು ಪೈಪೋಟಿಗೆ ಬಿದ್ದಿದ್ದರು. ಬೆಲೆ ಬಿದ್ದ ಮೇಲೆ ಸಣ್ಣ ಫ್ಯಾನು ಯಾರಿಗೂ ಗಿಟ್ಟದು. ದೊಡ್ಡದು ಒಂದು ನಿಂತರೆ ಸಣ್ಣವು ನಾಲ್ಕು ಮಾಡುವುದನ್ನು ತಾನೇ ಮಾಡುತ್ತದೆ. ಹತ್ತುವವರೂ ಅಷ್ಟು ಬೇಕಾಗಿಲ್ಲ. ಗಾಳಿಯೇನೋ ಪುಕ್ಕಟೆ, ಕೂಲಿ ಪುಕ್ಕಟೆಯಲ್ಲವಲ್ಲ.

ಒಂದು ದಿನ ಬೆಳಿಗ್ಗೆ ಸೂಪರ್‌ವೈಸರ್ ಅವನೊಬ್ಬನನ್ನೇ ತಗಡಿನ ಆಫೀಸಿಗೆ ಕರೆದರು. ಮೇಜಿನ ಮೇಲಿನ ಚಹಾ ಕೆನೆಗಟ್ಟಿತ್ತು.

"ಇನ್ಮೇಲೆ ಒಂದೇ ಜೋಡಿ ಸಾಕಂತೆ ಕಣಪ್ಪ. ನಿಮ್ಮ ಭಾವ, ಇನ್ನೊಂದು ಜೋಡೀಲಿರೋ ಆ ಮೀಸೆಯವನು, ಇಬ್ಬರನ್ನ ಇಟ್ಕೋತಿದ್ದೀನಿ. ನಿಮ್ಮ ಭಾವ ವಯಸ್ಸಾಗಿದ್ರೂ ಒಂದಿನ ಸುಸ್ತು ಅಂದವರಲ್ಲ. ನಿಂದು ಮಂಡಿ. ನಾಳೆ ಲಿಫ್ಟ್ ಕೆಟ್ರೆ ಏಣೀನೇ ಗತಿ ತಾನೆ?"

ನಿಜ ನಾಲಿಗೆಯ ತುದಿಗೆ ಬಂತು. ಆಡಿದರೆ ತನಗೆ ಕೆಲಸ, ಭಾವ ಮನೆಗೆ. ಆ ವಯಸ್ಸಿನವರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಅಕ್ಕನ ಮುಖ ಹೇಗೆ ನೋಡುವುದು? ಸಿಟ್ಟಾದರೂ ಬರಬೇಕಿತ್ತು. ಬಂದದ್ದು ಬರೀ ಆಯಾಸ.

"ಆಗ್ಲಿ ಸಾರ್" ಅಂದ. ಮಾಡಿದ್ದುಣ್ಣೋ ಮಹಾರಾಯ.

ಮಧ್ಯಾಹ್ನ ಹಳೆಯ ಫ್ಯಾನೊಂದರ ಸಾಮಾನು ಬಿಚ್ಚಿ ತರಲು ಇಬ್ಬರೂ ಹತ್ತಿದರು. ಕಂಬದೊಳಗೆ ಗ್ರೀಸಿನ ವಾಸನೆ, ಕಾದ ಕಬ್ಬಿಣದ ಸೆಕೆ. ಮೊದಲ ಅಟ್ಟದಲ್ಲೇ ಭಾವ ನಿಂತರು. ಭುಜ ಏರಿಳಿಯುತ್ತಿತ್ತು, ತುಟಿ ಬಿಳಿಚಿತ್ತು.

"ಕೂತ್ಕೋ. ನಿನ್ನ ಮಂಡಿ" ಅಂದರು.

ಕೂತ.

"ಸೂಪರ್‌ವೈಸರ್ ಹೇಳಿದ್ರು. ನಿಮ್ಮಕ್ಕಂಗೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ." ಮಾತಿನ ನಡುವೆ ಉಸಿರು ಸಿಕ್ಕಿಹಾಕಿಕೊಂಡಿತು. "ಆದ್ರೂ ಒಂದು ಮಾತು ಕಣೋ, ಬೇಜಾರು ಮಾಡ್ಕೋಬೇಡ. ನಿಂಗೋಸ್ಕರ ನಿಂತು ನಿಂತು ನಂಗೂ ಸಾಕಾಗಿತ್ತು. ಆ ಮೀಸೆಯವನು ಎಲ್ಲೂ ಕೂರಲ್ವಂತೆ. ಹಳೇವೆಲ್ಲ ಬಿಚ್ಚಿ ಮುಗಿಯೋವರೆಗೂ ಏಣೀನೇ ತಾನೆ, ಇನ್ಮೇಲೆ ಒಂದೇ ಉಸಿರಿಗೆ ಹತ್ತಬಹುದು."

ಕುಂಟನಿಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಭಾವನ ಏದುಸಿರನ್ನು ಇಷ್ಟು ದಿನ ಸೂಪರ್‌ವೈಸರಿಗೆ ಮಾತ್ರವಲ್ಲ, ಭಾವನಿಗೇ ಗೊತ್ತಾಗದ ಹಾಗೆ ಬಚ್ಚಿಟ್ಟಿದ್ದ. ಕೆಳಗಿಳಿದ ಕೂಡಲೇ ಮೀಸೆಯವನನ್ನು ಹಿಡಿದು, ಯಾವ ಅಟ್ಟದಲ್ಲಿ ಮಂಡಿ ನೋಯಬೇಕು ಅನ್ನುವುದನ್ನು ಒಂದೊಂದಾಗಿ ಕಲಿಸಿಕೊಡಬೇಕು.

"ಹೊರಡೋಣ್ವಾ?" ಅಂದರು ಭಾವ, ಇನ್ನೂ ಏದುಸಿರು ಬಿಡುತ್ತಲೇ.

"ಇನ್ನೊಂಚೂರು ತಡೀರಿ ಭಾವ" ಅಂದ ಕುಂಟ, ಎಂದೂ ನೋಯದ ಮಂಡಿಯನ್ನು ತಿಕ್ಕಿಕೊಳ್ಳುತ್ತ.