ಅರ್ಧ ಕಟಿಂಗ್

ವಿಮಾ ಕಂಪನಿಯ ಅಧಿಕಾರಿ ಮನೆಗೆ ಬಂದ ದಿನ ನನ್ನ ಗಂಡ ಮಾಡಬಾರದಿದ್ದ ಕೆಲಸ ಒಂದೇ ಒಂದು. ಅದನ್ನೇ ಮಾಡಿದರು.

ಅವರದು ಕಟಿಂಗ್ ಅಂಗಡಿ. ಬಾಗಿಲಲ್ಲಿ ನಿಂತು ಟವೆಲ್ ಕೊಡವುತ್ತಿದ್ದಾಗ ಪಕ್ಕದ ಟೈರ್ ಅಂಗಡಿಯವನ ಕಾರು ಹಿಂದಕ್ಕೆ ನುಗ್ಗಿ ಅವರನ್ನು ಗೋಡೆಗೆ ಒತ್ತಿತು. ಬಲಭುಜ ಪುಡಿ. ಒಂದು ಆಪರೇಷನ್ ಆದ ಮೇಲೂ ತೋಳು ಎದೆಯಿಂದ ಮೇಲೆ ನಿಲ್ಲಲಿಲ್ಲ. ಇನ್ನೊಂದು ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಅದರ ಖರ್ಚು, ಕೈ ಮತ್ತೆ ಪಳಗುವವರೆಗಿನ ಮನೆಖರ್ಚು, ಎರಡೂ ಆ ಕಾರಿನ ವಿಮೆಯಿಂದಲೇ ಬರಬೇಕಿತ್ತು. ಲಾಂಡ್ರಿಯಲ್ಲಿ ನಿಂತು ನಾನು ದುಡಿದು ತರುವುದು ಬಾಡಿಗೆಗೂ ಮಗಳ ಶಾಲೆಗೂ ಹೋಗಿ ಖಾಲಿ.

ಅಧಿಕಾರಿ ಬಂದದ್ದು ಕೈ ಎಷ್ಟು ಏಳುತ್ತದೆ ಎಂದು ಕಣ್ಣಾರೆ ನೋಡಲು. ನಾನು ಕುರ್ಚಿ ಹಾಕಿ, ಒಳಗೆ ಟೀಗೆ ಇಟ್ಟೆ. ಇವರು ಆತನ ಪ್ರಶ್ನೆಗೆ ಉತ್ತರ ಕೊಡುವುದು ಬಿಟ್ಟು ಆತನ ಕಿವಿಯನ್ನೇ ನೋಡುತ್ತಿದ್ದರು.

"ಎಲ್ಲಿ ಮಾಡಿಸಿದ್ರಿ ಸಾರ್ ಇದನ್ನ?"

"ಏನನ್ನ?"

"ಕಟಿಂಗು. ಕಿವಿ ಹಿಂದೆ ಇಲಿ ಕಡಿದ ಹಾಗಿದೆಯಲ್ಲ."

ನಾನು ಅಡುಗೆಮನೆಯ ಬಾಗಿಲಿನಿಂದ ಬೇಡ ಬೇಡ ಎಂದು ಕೈ ಆಡಿಸಿದೆ. ಕಣ್ಣು ಕೆಕ್ಕರಿಸಿದೆ. ಮಹಾರಾಯರು ಆಗಲೇ ಎದ್ದು ಗೂಡಿನಿಂದ ಕತ್ತರಿ ತೆಗೆದಾಗಿತ್ತು. ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿದು, ಕಚ್ ಕಚ್ ಎಂದು ಸರಿಮಾಡಿಯೇಬಿಟ್ಟರು. ಅಧಿಕಾರಿ ಗೋಡೆಯ ಕನ್ನಡಿಯಲ್ಲಿ ತಲೆ ತಿರುಗಿಸಿ ನೋಡಿಕೊಂಡ.

"ಪರವಾಗಿಲ್ವೇ! ಕೈ ಚೆನ್ನಾಗೇ ಓಡುತ್ತೆ ನಿಮ್ದು."

ನನ್ನ ಗಂಡ ಬಹುಮಾನ ಬಂದ ಮಗುವಿನ ಹಾಗೆ ನಕ್ಕರು.

ಮುಂದಿನ ವಾರ ಕಂಪನಿಯ ಮಾತು ತಿಳಿಯಿತು. ಕೈ ಕೆಲಸಕ್ಕೆ ಬರುತ್ತಿದೆಯಂತೆ. ಹಾಗಾಗಿ ಆಪರೇಷನ್ನಿನ ಅರ್ಧ ಖರ್ಚು ಕೊಡುತ್ತಾರಂತೆ. ಒಪ್ಪಿ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು, ನಾಳೆ ಏನಾದರೂ ತುಟಿ ಬಿಚ್ಚುವ ಹಾಗಿಲ್ಲ.

"ಅರ್ಧ ಭುಜ ಆಪರೇಷನ್ ಮಾಡ್ತಾರೇನ್ರೀ ಎಲ್ಲಾದ್ರೂ?" ಎಂದೆ.

"ಕಿವಿ ಹಿಂದೆ ಹಾಗೇ ಬಿಟ್ಟು ಕಳಿಸೋಕಾಗುತ್ತೇನೇ?" ಎಂದರು. ಅವರಿಗೆ ಇನ್ನೂ ಕಿವಿಯದೇ ಚಿಂತೆ.

ಲಾಂಡ್ರಿಗೆ ರಜೆ ಹಾಕಿ ಅಧಿಕಾರಿಯ ಆಫೀಸಿಗೆ ಹೋದೆ. ಟೋಕನ್ ಹಿಡಿದು ಕೂತೆ. ನನ್ನ ಸರದಿ ಬಂದಾಗ ಆತ ಊಟಕ್ಕೆ ಎದ್ದ. ಮತ್ತೆ ಕೂತೆ.

"ನಾನೇ ನೋಡಿದೆನಲ್ಲಮ್ಮ. ನನ್ನ ತಲೆ ಮೇಲೇ ನೋಡಿದೆ," ಎಂದ.

"ನೀವು ನೋಡಿದ್ದು ಕಿವಿ ಹಿಂದಿನ ನಾಲ್ಕು ಕೂದಲು ಸಾರ್. ಅಂಗಡಿಗೆ ಬಂದು ಪೂರಾ ಕಟಿಂಗ್ ಮಾಡಿಸ್ಕೊಳ್ಳಿ. ಇವರು ಪೂರ್ತಿ ಮುಗಿಸಿದ್ರೆ, ನೀವು ಹೇಳಿದ ಕಡೆ ಸಹಿ ಹಾಕಿಸ್ತೀನಿ."

ಆತ ಕಿವಿಯ ಹಿಂದೆ ಬೆರಳಾಡಿಸಿಕೊಂಡ. "ನನ್ನ ಹೆಂಡ್ತೀನೂ ಕೇಳಿದ್ಲು, ಯಾರು ಮಾಡಿದ್ದು ಅಂತ," ಎಂದು ಗೊಣಗಿ, ಶನಿವಾರ ಬರಲು ಒಪ್ಪಿದ.

ಮನೆಗೆ ಬಂದು ಗಂಡನಿಗೆ ತಿಳಿಹೇಳಿದೆ. "ನೋವಾದ ತಕ್ಷಣ ಕೈ ಇಳಿಸಿಬಿಡಿ. ನಾಟಕ ಏನೂ ಬೇಡ. ಇರೋದನ್ನ ತೋರಿಸಿ, ಸಾಕು."

"ಗಿರಾಕೀನ ಅರ್ಧಕ್ಕೆ ಎಬ್ಬಿಸಿ ಗೊತ್ತಿಲ್ಲ ಕಣೇ ನಂಗೆ."

"ಅವನು ಗಿರಾಕಿ ಅಲ್ಲ ರೀ!"

"ಕುರ್ಚಿ ಮೇಲೆ ಕೂತ ಮೇಲೆ ಎಲ್ಲಾ ಗಿರಾಕಿನೇ."

ಇಂಥವರ ಜೊತೆ ಏನು ಬಾಳುವುದು ಹೇಳಿ.

ಶನಿವಾರ ಶಟರ್ ಎತ್ತಿದರೆ ಒಳಗೆ ಮುಗ್ಗಲು ವಾಸನೆ. ನಾನು ಕನ್ನಡಿ ಒರೆಸಿದೆ. ಇವರು ಬಿಳಿ ಬಟ್ಟೆಯನ್ನು ಎರಡು ಸಲ ಕೊಡವಿ ಅಧಿಕಾರಿಯ ಕುತ್ತಿಗೆಗೆ ಕಟ್ಟಿದರು. ಮೆಷಿನ್ ಹಿಡಿದರೆ ಅದರ ನಡುಕ ಭುಜಕ್ಕೆ ಏರುತ್ತದೆ, ಆದ್ದರಿಂದ ಕತ್ತರಿಯೇ ಗತಿ. ಸುದ್ದಿ ತಿಳಿದು ಪಕ್ಕದ ಅಂಗಡಿಯ ಟೈರಣ್ಣನೂ ಹೊಸ್ತಿಲ ಮೇಲೆ ಬಂದು ನಿಂತ.

ಶುರುವಾಯಿತು ನೋಡಿ ಇವರ ಜಾಣತನ. ಕುರ್ಚಿಯನ್ನು ಪೂರ್ತಿ ಕೆಳಕ್ಕೆ ಇಳಿಸಿದರು. "ಸಾರ್, ಸ್ವಲ್ಪ ತಲೆ ಬಗ್ಗಿಸಿ," "ಹಾಂ, ಇನ್ನೂ ಸ್ವಲ್ಪ," ಎಂದು ಆತನನ್ನೇ ಮಡಚಿದರು. ಮೊಣಕೈಯನ್ನು ಪಕ್ಕೆಗೆ ಊರಿಕೊಂಡು ಬರೀ ಮಣಿಕಟ್ಟಿನಲ್ಲಿ ಕತ್ತರಿ ಆಡಿಸಿದರು. ತಲೆಯ ಬಲಭಾಗ ಅಚ್ಚುಕಟ್ಟಾಗಿ ಮುಗಿಯುತ್ತ ಬಂತು. ಅಷ್ಟು ತಿಂಗಳಾದ ಮೇಲೂ ಆ ಕೈಯ ಸೊಗಸು ಹಾಗೇ ಇತ್ತು. ಅಯ್ಯೋ, ಸೋಲಿ ಮಹಾರಾಯರೇ, ಒಂದು ಸಲ ಸೋಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕಟ್ಟಿಕೊಂಡ ಗಂಡ ಸೋಲಲಿ ಎಂದು ಬೇಡುವ ಗತಿ ಯಾರಿಗೂ ಬೇಡ.

ನೆತ್ತಿಗೆ ಬಂದಾಗ ಬಗ್ಗಿಸಿ ಪ್ರಯೋಜನವಿರಲಿಲ್ಲ, ತೋಳು ಏಳಲೇಬೇಕು. ಎತ್ತಿದರು. ಕನ್ನಡಿಯಲ್ಲಿ ಅವರ ತುಟಿ ಹಲ್ಲಿನ ನಡುವೆ ಸಿಕ್ಕಿ ಬೆಳ್ಳಗಾಗಿತ್ತು. ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ಬಿಳಿ ಬಟ್ಟೆಯ ಮೇಲೆ ಬಿತ್ತು.

"ಸಾಕು ಬಿಡಿ," ಎಂದ ಅಧಿಕಾರಿ, ಕನ್ನಡಿ ನೋಡುತ್ತ.

"ಕೂತ್ಕೊಳ್ಳಿ ಸಾರ್. ಇನ್ನೇನು, ಆಯ್ತು."

ತೋಳು ಒಮ್ಮೆಲೇ ಕೆಳಕ್ಕೆ ಬಿತ್ತು. ಕತ್ತರಿ ನೆಲದ ಮೇಲೆ ಸದ್ದು ಮಾಡಿತು. ಅವರು ಅದನ್ನು ಎತ್ತಿಕೊಳ್ಳಲೂ ಆಗದೆ ಗೋಡೆಗೆ ಒರಗಿ ನಿಂತು, "ಕ್ಷಮಿಸಿ ಸಾರ್," ಎಂದರು. ತಪ್ಪು ತಮ್ಮದೇ ಎನ್ನುವ ಹಾಗೆ!

ಅಧಿಕಾರಿ ಕುತ್ತಿಗೆಯ ಬಟ್ಟೆ ಬಿಚ್ಚದೆಯೇ ಹೇಳಿದ, "ನನ್ನ ವರದಿ ಬದಲಾಯಿಸ್ತೀನಮ್ಮ. ಪಾಲಿಸಿಯಲ್ಲಿರೋ ಪೂರ್ತಿ ಕೊಡಿಸ್ತೀನಿ."

ನನಗೆ ಉಸಿರು ಬಂತು. "ಆಪರೇಷನ್ನು, ಮನೆಖರ್ಚು ಎರಡೂ ಆಗುತ್ತಲ್ವಾ ಸಾರ್?"

ಆತ ಟೈರಣ್ಣನ ಕಡೆ ನೋಡಿದ. "ಇವರು ಕಟ್ಟಿರೋದು ಎಲ್ಲಕ್ಕಿಂತ ಕಡಿಮೆ ಕಂತಿನ ಪಾಲಿಸಿ. ಪೂರ್ತಿ ಅಂದ್ರೂ ಆಪರೇಷನ್ನಿಗಷ್ಟೇ ಸರಿಹೋಗುತ್ತೆ. ಅದರ ಮೇಲೆ ಕಂಪನಿ ಬಿಡಿಗಾಸು ಕೊಡೋ ಹಾಗಿಲ್ಲ."

"ಕಾನೂನಿಗೆ ಅಷ್ಟೇ ಸಾಕು ಅಂದ್ರು ಅಕ್ಕಾ," ಎಂದ ಟೈರಣ್ಣ ತಲೆ ತಗ್ಗಿಸಿ. "ನಂಗೇನು ಕನಸು ಬಿದ್ದಿತ್ತಾ?"

"ಕಾನೂನಿನ ಭುಜ ಮುರಿದಿಲ್ಲಪ್ಪಾ, ಇವರದ್ದು ಮುರಿದಿರೋದು! ಆ ವರ್ಷ ಕಾರಿಗೆ ಹೊಸ ಸೀಟ್ ಕವರ್ ಹಾಕಿಸಿದ್ಯಲ್ಲ, ಕೂತು ನೋಡಿ ಅಂತ ನಮ್ಮನ್ನೆಲ್ಲಾ ಕರೆದಿದ್ದೆ. ಅದಕ್ಕೆ ದುಡ್ಡಿತ್ತಾ?"

ಬೈದು ಏನು ಬಂತು? ಕೇಸು ಹಾಕಿದರೂ ವರ್ಷಗಟ್ಟಲೆ ಅಲೆದು ಅವನಿಂದ ಕಿತ್ತುಕೊಳ್ಳಲು ಸಿಗುವುದು ಟೈರು ಮಾತ್ರ. ಅಷ್ಟರಲ್ಲಿ ಭುಜ ಹಾಗೇ ಬಿಗಿದುಕೊಂಡುಬಿಡುತ್ತದೆ. ಸಹಿ ಹಾಕಬೇಕು, ಆಪರೇಷನ್ ಮಾಡಿಸಬೇಕು. ಆಮೇಲಿನ ತಿಂಗಳುಗಳ ಮನೆಖರ್ಚು ನಮ್ಮ ತಲೆಗೆ.

"ನಾನಿನ್ನು ಹೊರಡ್ಲಾ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದ. ಆತನ ಬಲಭಾಗ ಮದುಮಗನಂತಿತ್ತು, ಎಡಭಾಗ ಆಗತಾನೆ ಹಾಸಿಗೆಯಿಂದ ಎದ್ದವನಂತಿತ್ತು.

"ಹೀಗೆ ಹೋದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು?" ಎಂದರು ನನ್ನ ಗಂಡ. ಅವರ ಗದ್ದ ನೆಲದ ಮೇಲಿನ ಕತ್ತರಿಯನ್ನು ತೋರಿಸುತ್ತಿತ್ತು, ಕಣ್ಣು ನನ್ನನ್ನು. "ತಗೋ ಮಾರಾಯ್ತಿ. ಬಾಚಣಿಗೆ ಓರೆ ಹಿಡಿ. ನಾನು ಹೇಳ್ತೀನಿ."

"ನಂಗೇನ್ರೀ ಬರುತ್ತೆ ಇದು?"

"ಮಗಳ ಕೂದಲು ಕತ್ತರಿಸ್ತೀಯಲ್ಲ."

ಅಧಿಕಾರಿ ಗಾಬರಿಯಿಂದ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕತ್ತರಿ ಎತ್ತಿಕೊಂಡು ಸೆರಗಿಗೆ ಒರೆಸಿದೆ.

"ತಲೆ ಬಗ್ಗಿಸಿ ಸಾರ್," ಎಂದೆ.