ಮುನಿಶಾಮಿಯ ಹೈಡ್ರೋಮೀಟರ್

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಮುಳಬಾಗಿಲಿನ ಮನೆಯ ನಲ್ಲಿಗೆ ಎಂದಿನಂತೆ ನೀರು ಬಂತು. ಮೇಧಾ ಹಿಡಿದಿಟ್ಟಳು. ಅಳು ಬರಲಿಲ್ಲ. ಫೋನ್ ಬಂತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಸಹಕಾರಿ ಬ್ಯಾಂಕಿನ ಈ ನಾಲ್ಕು ಶಾಖೆಗಳ ಕಂಪ್ಯೂಟರ್‌ಗಳು ನಿಲ್ಲದಂತೆ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ಅವಳ ಗಂಡ ಮುಕುಂದ್. ಜ್ವರ ಬಂದು ಮೂರೇ ದಿನಕ್ಕೆ ಹೋದ. ಅವನ ಕೈಕೆಳಗೆ ಅವಳು ನಾಲ್ಕು ವರ್ಷದಿಂದ ಎಂಜಿನಿಯರ್. ಫೋನ್ ಮಾಡಿದವರು ಜನರಲ್ ಮ್ಯಾನೇಜರ್ ವಿದ್ಯಾಧೀಶ.

“ಶ್ರೀನಿವಾಸಪುರದಲ್ಲಿ ಲೋಡ್‌ಶೆಡ್ಡಿಂಗ್ ಶುರುವಾದಾಗಿಂದ, ಕರೆಂಟ್ ಹೋದ್ರೆ ಸಿಸ್ಟಮ್ಮೆಲ್ಲ ಮಲಗ್ತಿವೆ. ನಿಮ್ಮನ್ನ ಕರೆಯೋಕೆ ಮನಸ್ಸು ಬರ್ಲಿಲ್ಲಮ್ಮ. ನಾಳೆ ಬೆಂಗಳೂರಿಂದ ಒಬ್ರು ಬರ್ತಾರೆ. ಮುಕುಂದನ ಜಾಗಕ್ಕೂ ಅವ್ರನ್ನೇ…”

“ಇವತ್ತು ನಾನು ಹೋಗ್ತೀನಿ ಸಾರ್. ಸರಿಹೋದ್ರೆ ಆ ಜಾಗ ನನಗೆ.”

“ಸಂಜೆವರೆಗೆ ಕಾಯ್ತೀನಿ.”

ಮುಕುಂದನ ಚೀಲದಲ್ಲಿ ಟವೆಲ್ ಸುತ್ತಿದ ಹೈಡ್ರೋಮೀಟರ್ ಇತ್ತು. ಬ್ಯಾಟರಿಯೊಳಗಿನ ಆಸಿಡ್ ಎಷ್ಟು ಗಟ್ಟಿ ಎಂದು ತೋರಿಸುವ ಗಾಜಿನ ಕೊಳವೆ. ಬ್ಯಾಟರಿ ಅಂಗಡಿಯ ಮುನಿಶಾಮಿಯಿಂದ ಎರವಲು ತಂದದ್ದು. ಅದನ್ನು ತೆಗೆದುಕೊಂಡಳು. ಅತ್ತೆ ಸುಂದರಾಬಾಯಿ ಮೊಸರನ್ನದ ಡಬ್ಬಿ ಕೈಗಿಟ್ಟರು.

“ಇಷ್ಟು ಬೇಗ ಹೊರಟಳಾ ಅಂತ ಯಾರಾದ್ರೂ ಅಂದ್ರೆ ನನ್ನ ಹೆಸರು ಹೇಳು. ಹೋಗು.”

ಶ್ರೀನಿವಾಸಪುರ ಶಾಖೆಯ ಮ್ಯಾನೇಜರ್ ಕೋದಂಡರಾಮಪ್ಪ ಯುಪಿಎಸ್‌ನ ದೀಪ ತೋರಿಸಿದರು. “ನೋಡಿ ಮೇಡಂ, ಹಸಿರೇ ಐತೆ. ಫುಲ್ ಚಾರ್ಜು.”

ಹಸಿರು ದೀಪ ನಂಬಬೇಡ, ಮೇನ್ ಎಳೆದು ನೋಡು ಎನ್ನುತ್ತಿದ್ದ ಮುಕುಂದ್. ಸಾಲಾಗಿದ್ದ ಬ್ಯಾಟರಿಗಳಿಗೆಲ್ಲ ಕುಂಕುಮದ ಬೊಟ್ಟು. ಮೇಧಾ ಒಂದೊಂದೇ ಮುಚ್ಚಳ ತೆಗೆದು ಅಳೆದಳು. ಎಲ್ಲದರಲ್ಲೂ ಸಾವಿರದಿನ್ನೂರೈವತ್ತು. ಬಾಗಿಲ ಪಕ್ಕದ್ದರಲ್ಲಿ ಮಾತ್ರ ಸಾವಿರದ ನೂರು, ಆಸಿಡ್ ತೆಳುವಾಗಿತ್ತು; ಸಾಲಿನಲ್ಲಿ ಒಂದು ಸೋತರೆ ಎಲ್ಲವೂ ಸೋತಂತೆ.

“ಇದಕ್ಕೆ ನೀರು ಹಾಕ್ದೋರು ಯಾರು?”

ಅಟೆಂಡರ್ ಆಂಜಿನಪ್ಪ ತಲೆ ಕೆರೆದುಕೊಂಡ. “ಆಯುಧಪೂಜೆಗೆ ತೊಳ್ದೆ ಮೇಡಂ. ಒಳಗೂ ಗಲೀಜಿರ್ತದೆ ಅಂತ ಬಗ್ಗಿಸಿ ಚೆಲ್ಲಿ ಬೋರ್ ನೀರು ಬಿಟ್ಟೆ. ಕೈ ಉರೀತು. ಮಿಕ್ಕಿದ್ದಕ್ಕೆ ಬರೀ ಕುಂಕುಮ ಇಟ್ಟೆ.”

“ಅಯ್ಯೋ ದೇವುಡಾ! ಎಣ್ಣೆಸ್ನಾನ ಮಾಡಿಸ್ಲಿಲ್ಲವಲ್ಲ, ಪುಣ್ಯ,” ಎಂದರು ಮ್ಯಾನೇಜರ್.

ಸ್ಟೋರ್ ರೂಮಿನಲ್ಲಿ ಮುಕುಂದ್ ತಪ್ಪದೆ ಚಾರ್ಜ್ ಮಾಡಿಸಿಡುತ್ತಿದ್ದ ಹೆಚ್ಚುವರಿ ಬ್ಯಾಟರಿ ಇತ್ತು. ಅದನ್ನು ಜೋಡಿಸಿ ಮೇಧಾ ಎದ್ದುನಿಂತಳು.

“ಮೇನ್ ಆಫ್ ಮಾಡಿ.”

“ಕೌಂಟರ್‌ನಲ್ಲಿ ಜನ ಅವ್ರೆ ಮೇಡಂ!”

“ಅದಕ್ಕೇ.”

ಯಾರೂ ಅಲುಗಲಿಲ್ಲ. ಅವಳೇ ಎಳೆದಳು. ಫ್ಯಾನು ನಿಂತಿತು. ಕಂಪ್ಯೂಟರ್ ಒಂದೂ ನಿಲ್ಲಲಿಲ್ಲ. ಮೇನ್ ಹಾಗೇ ಬಿಟ್ಟು, ಕುಳಿತು ಮೊಸರನ್ನ ತಿಂದಳು. ಉಪ್ಪು ಕಡಿಮೆ ಅನ್ನಿಸಿತು. ಇಷ್ಟು ದಿನಗಳಲ್ಲಿ ಊಟ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಒಂದು ಗಂಟೆಯಾದ ಮೇಲೆ ವಿದ್ಯಾಧೀಶರಿಗೆ ಫೋನ್ ಮಾಡಿದಳು. “ಬೆಂಗಳೂರಿನವ್ರಿಗೆ ಬೇಡ ಅಂತೀನಿ,” ಎಂದರು ಅವರು. “ನಾಳೆ ಕೋಲಾರಕ್ಕೆ ಬಂದು ಆರ್ಡರ್ ತಗೊಳ್ಳಿ.”

ಸಂಜೆ ಮುಳಬಾಗಿಲಿನಲ್ಲಿ ಬಸ್ಸಿಳಿದು ನೇರ ಮುನಿಶಾಮಿಯ ಅಂಗಡಿಗೆ ಹೋದಳು. ಕೊಳವೆಯನ್ನು ಎರಡು ಸಲ ತೊಳೆದು ಒರೆಸಿದ್ದಳು.

“ಮುಕುಂದ್ ತಂದಿದ್ದು.”

“ಇಟ್ಕೊಳ್ಳಮ್ಮ, ಸಾರ್ ನೆನಪಿಗೆ.”

“ಬೇಡ ಮುನಿಶಾಮಣ್ಣ, ಇದು ನಿಮ್ದು. ನಂಗೆ ಹೊಸವು ನಾಲ್ಕು ತರಿಸಿಕೊಡಿ, ಶಾಖೆಗೊಂದು,” ಎಂದು ಅದನ್ನು ಅವನ ಕೈಗೆ ಕೊಟ್ಟಳು.